ಇದ್ದರೆ, ಇದ್ದಿದ್ದರೆ: ಇಂಗ್ಲಿಷಿನ ‘ಇಫ್’ ವಾಕ್ಯಗಳ ಬಗ್ಗೆ ಕೆಲವು ಮಾತು

(ಸಂಘದ ವಾರ್ಷಿಕ ವಿದ್ಯಾರ್ಥಿ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹ ರೂಪ)



ಸಂಘದ ಕಾರ್ಯದರ್ಶಿಯವರು ಫೋನ್ ಮಾಡಿ, "ಸರ್, ಮಕ್ಕಳಿಗೆ ಪ್ರಯೋಜನವಾಗುವ ಯಾವುದಾದರೂ ವಿಷಯದ ಮೇಲೆ ಅರ್ಧ ಗಂಟೆ ಮಾತಾಡಬೇಕು" ಎಂದು ಕೇಳಿಕೊಂಡರು. ಶಿಕ್ಷಣದ ಮಹತ್ವದ ಬಗ್ಗೆ ಮಾತಾಡುತ್ತೇನೆಂದು ಅವರು ಭಾವಿಸಿರಬೇಕು. ಆ ವಿಷಯದ ಮೇಲೆ ಈ ವೇದಿಕೆಯಲ್ಲಿ ನನಗಿಂತ ಚೆನ್ನಾಗಿ ಮಾತಾಡುವವರು ಮೂರು ಜನ ಕುಳಿತಿದ್ದಾರೆ. ನಾನು ಮೂವತ್ತು ವರ್ಷ ಇಂಗ್ಲಿಷ್ ಪಾಠ ಮಾಡಿ ನಿವೃತ್ತನಾದವನು. ನನಗೆ ತಿಳಿದಿರುವುದು ಅದೊಂದೇ. ಹಾಗಾಗಿ ಇವತ್ತು ಇಂಗ್ಲಿಷ್ ವ್ಯಾಕರಣದ ಒಂದೇ ಒಂದು ಅಂಶ ತೆಗೆದುಕೊಂಡು ಬಂದಿದ್ದೇನೆ. ‘ಇಫ್’ ಎಂದು ಆರಂಭವಾಗುವ ವಾಕ್ಯದಲ್ಲಿ ಕ್ರಿಯಾಪದ ಯಾವ ರೂಪದಲ್ಲಿರಬೇಕು ಎಂಬ ಪ್ರಶ್ನೆ ಅದು. ಹಿಂದಿನ ಸಾಲಿನಲ್ಲಿ ಕೆಲವರು ಈಗಲೇ ಮೊಬೈಲ್ ತೆಗೆದದ್ದು ಕಾಣುತ್ತಿದೆ. ಪರವಾಗಿಲ್ಲ, ಮೊದಲು ಒಂದು ಘಟನೆ ಹೇಳುತ್ತೇನೆ.

ಹಲವು ವರ್ಷಗಳ ಹಿಂದಿನ ಮಾತು. ನನ್ನ ಬಳಿ ಹತ್ತನೇ ತರಗತಿ ಮುಗಿಸಿ ಪಿಯುಸಿಗೆ ಸೇರಿದ್ದ ಒಬ್ಬ ಹುಡುಗ. ತಂದೆ ತೀರಿಕೊಂಡು ಎರಡು ವರ್ಷವಾಗಿತ್ತು. ಮನೆಯಲ್ಲಿ ತಾಯಿ ಮತ್ತು ಇಬ್ಬರು ತಂಗಿಯರು. ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಲು ಹೊರಟಾಗ, ಯಾರ ಸಹಾಯವೂ ಬೇಡವೆಂದು ಸ್ವಂತ ಇಂಗ್ಲಿಷಿನಲ್ಲೇ ಪತ್ರ ಬರೆದ. ಅದರಲ್ಲಿ ಒಂದು ವಾಕ್ಯ ಹೀಗಿತ್ತು: "ಇಫ್ ಮೈ ಫಾದರ್ ಈಸ್ ಅಲೈವ್, ಹಿ ವಿಲ್ ಪೇ ಮೈ ಫೀಸ್." ಅವನ ಮನಸ್ಸಿನಲ್ಲಿದ್ದದ್ದು, ‘ಅಪ್ಪ ಇದ್ದರೆ ನನ್ನ ಫೀಸು ಕಟ್ಟುತ್ತಿದ್ದರು’ ಎಂದು. ಪತ್ರ ತೆಗೆದುಕೊಂಡ ಕಚೇರಿಯವರು ಓದಿ, "ಏನಪ್ಪಾ, ನಿನ್ನ ತಂದೆ ಬದುಕಿದ್ದಾರೋ ಇಲ್ಲವೋ ಅನ್ನುವುದು ನಿನಗೇ ಗೊತ್ತಿಲ್ಲವಾ?" ಎಂದು ಕೇಳಿದರಂತೆ. ಪಕ್ಕದ ಮೇಜಿನವರು ನಕ್ಕರಂತೆ. ಹುಡುಗ ಪತ್ರವನ್ನು ಅಲ್ಲೇ ಬಿಟ್ಟು ಬಂದ. ಹತ್ತು ದಿನ ಯಾರಿಗೂ ಹೇಳಲಿಲ್ಲ. ಅವನ ತಾಯಿ ನನ್ನ ಮನೆಗೆ ಬಂದು ಹೇಳುವಷ್ಟರಲ್ಲಿ ಅರ್ಜಿಯ ಕೊನೆಯ ದಿನಾಂಕ ದಾಟಿತ್ತು. ಫೀಸಿಗೆ ಬೇರೆ ದಾರಿ ಹೇಗೋ ಆಯಿತು, ಆ ವಿಷಯ ಇಲ್ಲಿ ಬೇಡ.

ನಕ್ಕವರದ್ದು ತಪ್ಪೇ. ಆದರೆ ಆ ವಾಕ್ಯ ಇಂಗ್ಲಿಷಿನಲ್ಲಿ ನಿಜವಾಗಿಯೂ ಹಾಗೆಯೇ ಅರ್ಥ ಕೊಡುತ್ತದೆ. ‘ತಂದೆ ಬದುಕಿದ್ದಾರೋ ಇಲ್ಲವೋ ತಿಳಿಯದು, ಬದುಕಿದ್ದಾರೆ ಎಂದಾದರೆ ಫೀಸು ಕಟ್ಟುತ್ತಾರೆ’ ಎಂದು. ಯುದ್ಧಕ್ಕೆ ಹೋಗಿ ಸುದ್ದಿಯೇ ಇಲ್ಲದ ತಂದೆಯ ಮಗ ಹೇಳಬಹುದಾದ ಮಾತು ಅದು. ನನ್ನನ್ನು ಹೆಚ್ಚು ಕಾಡಿದ್ದು ಬೇರೆ ಸಂಗತಿ. ಅದೇ ಹುಡುಗ ನನ್ನ ವ್ಯಾಕರಣ ಪರೀಕ್ಷೆಯಲ್ಲಿ ‘ಬಿಟ್ಟ ಸ್ಥಳ ತುಂಬಿರಿ’ ವಿಭಾಗದಲ್ಲಿ ಎಲ್ಲವನ್ನೂ ಸರಿಯಾಗಿ ಬರೆದಿದ್ದ. "ಇಫ್ ಐ ಡ್ಯಾಶ್ ಎ ಬರ್ಡ್" ಎಂದರೆ ‘ವರ್’ ಎಂದು ಬರೆಯಲು ನಾನು ಕಲಿಸಿದ್ದೆ. ಹಕ್ಕಿಯ ವಿಷಯಕ್ಕೆ ಕಲಿತದ್ದು ತಂದೆಯ ವಿಷಯಕ್ಕೂ ಅನ್ವಯಿಸುತ್ತದೆ ಎಂದು ನಾನು ಹೇಳಿಯೇ ಇರಲಿಲ್ಲ.

ಹುಡುಗ ಹಾಗೆ ಬರೆಯಲು ಕಾರಣ ಅವನ ದಡ್ಡತನ ಅಲ್ಲ, ಅವನ ಕನ್ನಡ. ಎರಡು ವಾಕ್ಯ ಕೇಳಿ. ‘ಅಪ್ಪ ಮನೆಯಲ್ಲಿ ಇದ್ದರೆ ಕೊಡುತ್ತಾರೆ.’ ‘ಅಪ್ಪ ಇದ್ದರೆ ಕೊಡುತ್ತಿದ್ದರು.’ ಮೊದಲನೆಯದು ಸಾಧ್ಯವಿರುವ ಸಂಗತಿ, ಹೋಗಿ ನೋಡಿದರೆ ತಿಳಿಯುತ್ತದೆ. ಎರಡನೆಯದು ಇಲ್ಲದ ಅಪ್ಪನ ಬಗ್ಗೆ. ಆದರೆ ಎರಡರಲ್ಲೂ ‘ಇದ್ದರೆ’ ಎಂಬ ಪದ ಒಂದೇ. ವ್ಯತ್ಯಾಸ ಕಾಣುವುದು ವಾಕ್ಯದ ಕೊನೆಯಲ್ಲಿ, ‘ಕೊಡುತ್ತಾರೆ’ ಮತ್ತು ‘ಕೊಡುತ್ತಿದ್ದರು’ ಎಂಬಲ್ಲಿ. ಬೇಕೆಂದರೆ ‘ಇದ್ದಿದ್ದರೆ’ ಎಂದು ಬಿಡಿಸಿ ಹೇಳಬಹುದು, ನಮ್ಮ ಕಡೆ ‘ಇರುತ್ತಿದ್ದರೆ’ ಎಂದೂ ಹೇಳುತ್ತಾರೆ. ಆದರೆ ಹೇಳಲೇಬೇಕೆಂಬ ಕಡ್ಡಾಯ ಕನ್ನಡದಲ್ಲಿಲ್ಲ. ಕೊನೆಯ ಕ್ರಿಯಾಪದ ಬರುವವರೆಗೆ ಕಾಯುವ ತಾಳ್ಮೆ ನಮಗಿದೆ.

ಇಂಗ್ಲಿಷಿಗೆ ಆ ತಾಳ್ಮೆ ಇಲ್ಲ. ಅದು ‘ಇಫ್’ ಎಂದ ಕೂಡಲೇ, ಆ ತುಂಡಿನಲ್ಲೇ, ನಾನು ಹೇಳುತ್ತಿರುವುದು ಆಗಬಹುದಾದ ವಿಷಯವೋ ಅಥವಾ ಬರೀ ಕಲ್ಪನೆಯೋ ಎಂದು ತಿಳಿಸಿಬಿಡಬೇಕು. ಎರಡನೇ ತುಂಡಿನಲ್ಲಿ ಮತ್ತೊಮ್ಮೆ ತಿಳಿಸಬೇಕು. "ಇಫ್ ಮೈ ಫಾದರ್ ವರ್ ಅಲೈವ್, ಹಿ ವುಡ್ ಪೇ ಮೈ ಫೀಸ್." ಎರಡು ಕಡೆ ಗುರುತು: ‘ಈಸ್’ ಇದ್ದಲ್ಲಿ ‘ವರ್’, ‘ವಿಲ್’ ಇದ್ದಲ್ಲಿ ‘ವುಡ್’. ಇಷ್ಟು ತಿಳಿದರೆ ಇವತ್ತಿನ ಪಾಠದ ಮುಕ್ಕಾಲು ಭಾಗ ಮುಗಿಯಿತು.

ಈಗ ವಿದ್ಯಾರ್ಥಿಗಳು ಕೇಳುವ ಪ್ರಶ್ನೆ: "ಸರ್, ‘ವರ್’ ಭೂತಕಾಲ ಅಲ್ಲವಾ? ನಾನು ಈಗಿನ ಮಾತು ಹೇಳುತ್ತಿರುವಾಗ ಭೂತಕಾಲ ಯಾಕೆ?" ಒಳ್ಳೆಯ ಪ್ರಶ್ನೆ. ಇಂಗ್ಲಿಷಿನಲ್ಲಿ ಭೂತಕಾಲದ ರೂಪಕ್ಕೆ ಎರಡು ಕೆಲಸ. ಒಂದು, ಸಮಯದಲ್ಲಿ ದೂರ ಇರುವುದನ್ನು ಹೇಳುವುದು. ಇನ್ನೊಂದು, ವಾಸ್ತವದಿಂದ ದೂರ ಇರುವುದನ್ನು ಹೇಳುವುದು. ನಡೆಯದ ಮಾತು ಹೇಳುವಾಗ ಕ್ರಿಯಾಪದವನ್ನು ಒಂದು ಹೆಜ್ಜೆ ಹಿಂದಕ್ಕೆ ಸರಿಸುತ್ತಾರೆ. ಈಗ ಇಲ್ಲದ್ದಕ್ಕೆ ಭೂತಕಾಲ: "ಇಫ್ ಐ ಹ್ಯಾಡ್ ಎ ಬೈಕ್", ಅಂದರೆ ಈಗ ಬೈಕ್ ಇಲ್ಲ. ಹಿಂದೆಯೇ ಆಗದೆ ಹೋದದ್ದಕ್ಕೆ ಇನ್ನೂ ಒಂದು ಹೆಜ್ಜೆ ಹಿಂದೆ: "ಇಫ್ ಐ ಹ್ಯಾಡ್ ಸೋಲ್ಡ್ ದ ಬೈಕ್", ಅಂದರೆ ಮಾರಲಿಲ್ಲ. ಪುಸ್ತಕಗಳಲ್ಲಿ ಇದಕ್ಕೆ ಫಸ್ಟ್ ಕಂಡೀಷನಲ್, ಸೆಕೆಂಡ್ ಕಂಡೀಷನಲ್, ಥರ್ಡ್ ಕಂಡೀಷನಲ್ ಎಂದು ನಂಬರ್ ಕೊಟ್ಟಿರುತ್ತಾರೆ. ಪರೀಕ್ಷೆಗೆ ನಂಬರ್ ನೆನಪಿಟ್ಟುಕೊಳ್ಳಿ. ಮಾತಾಡುವಾಗ ನಂಬರ್ ನೆನಪಿಗೆ ಬರುವುದಿಲ್ಲ, ಹೆಜ್ಜೆ ನೆನಪಿಗೆ ಬರುತ್ತದೆ.

ಭೂತಕಾಲದ ರೂಪ ಬಳಸಿ ಬೇರೆ ಕಾಲ ಹೇಳುವುದು ಇಂಗ್ಲಿಷರ ವಿಚಿತ್ರ ಅಭ್ಯಾಸ ಎಂದು ನಗಬೇಡಿ. ನಮ್ಮ ‘ಬಂದರೆ’ ಎಂಬ ಪದವನ್ನೇ ಬಿಡಿಸಿ ನೋಡಿ. ಅದರೊಳಗೆ ಇರುವುದು ‘ಬಂದ’. ನಿನ್ನೆ ಬಂದ, ಹೋದ ವರ್ಷ ಬಂದ ಎನ್ನುವ ಅದೇ ‘ಬಂದ’. ಆದರೂ ನಾವು ‘ನಾಳೆ ಮಳೆ ಬಂದರೆ’ ಎನ್ನುತ್ತೇವೆ. ನಾಳೆಯ ಮಳೆಗೆ ಭೂತಕಾಲದ ರೂಪ! ಹುಟ್ಟಿದಾಗಿನಿಂದ ಮಾಡುತ್ತಿರುವ ಕೆಲಸ, ಗಮನಿಸಿಲ್ಲ ಅಷ್ಟೆ.

ಇಲ್ಲಿರುವ ಅನೇಕರಿಗೆ ಅರಬಿಯ ಪ್ರಾಥಮಿಕ ವ್ಯಾಕರಣ ಗೊತ್ತಿದೆ. ಅವರಿಗೆ ಇಂಗ್ಲಿಷ್ ಇನ್ನೂ ಸುಲಭವಾಗಬೇಕು. ಅರಬಿಯಲ್ಲಿ ನಮ್ಮ ‘ರೆ’ಗೆ ಒಂದಲ್ಲ, ಬೇರೆ ಬೇರೆ ಪದಗಳಿವೆ. ಆಗಬಹುದು, ಆಗದೆಯೂ ಇರಬಹುದು ಎಂಬಲ್ಲಿ ‘ಇನ್’. ಆಗಿಯೇ ಆಗುತ್ತದೆ ಎಂದು ನಿರೀಕ್ಷಿಸುವಲ್ಲಿ ‘ಇದಾ’. ವಾಸ್ತವಕ್ಕೆ ವಿರುದ್ಧವಾದದ್ದಕ್ಕೆ ‘ಲೌ’. ಇಂಗ್ಲಿಷ್ ಕ್ರಿಯಾಪದದ ರೂಪ ಬದಲಿಸಿ ಮಾಡುವ ಕೆಲಸವನ್ನು ಅರಬಿ ಆರಂಭದ ಪದವನ್ನೇ ಬದಲಿಸಿ ಮಾಡುತ್ತದೆ. ಹುಡುಗನ ಪತ್ರದ ವಾಕ್ಯ ಅರಬಿಯಲ್ಲಿ ಬರೆಯಬೇಕಿದ್ದರೆ ಅವನು ‘ಲೌ’ ಎಂದೇ ಆರಂಭಿಸುತ್ತಿದ್ದ, ‘ಇನ್’ ಎಂದು ಖಂಡಿತ ಬರೆಯುತ್ತಿರಲಿಲ್ಲ. ಇನ್ನೊಂದು ಸ್ವಾರಸ್ಯ. ನಾವು ದಿನಕ್ಕೆ ಹತ್ತು ಸಲ ‘ಇನ್ ಶಾ ಅಲ್ಲಾಹ್’ ಎನ್ನುತ್ತೇವೆ, ಅಲ್ಲಾಹನು ಬಯಸಿದರೆ ಎಂದು. ಅದರ ಮೊದಲ ಪದ ಈಗ ಹೇಳಿದ ‘ಇನ್’. ಎರಡನೆಯದಾದ ‘ಶಾಅ’ ವ್ಯಾಕರಣದ ಲೆಕ್ಕದಲ್ಲಿ ಭೂತಕಾಲದ ರೂಪ. ಆಡುವುದು ಮಾತ್ರ ನಾಳೆಯ ಕೆಲಸದ ಬಗ್ಗೆ.

ಮನೆಯಲ್ಲಿ ಉರ್ದು ಮಾತಾಡುವವರಿಗೆ ಇನ್ನೊಂದು ಅನುಕೂಲ, ಜೊತೆಗೆ ಒಂದು ಅಪಾಯ. ‘ಅಗರ್ ಅಬ್ಬಾ ಹೋತೇ ತೋ ಫೀಸ್ ದೇತೇ’ ಎಂಬಲ್ಲಿ ಎರಡೂ ತುಂಡುಗಳಲ್ಲಿ ರೂಪ ಬದಲಾಗಿದೆ, ಇಂಗ್ಲಿಷಿನ ಹಾಗೆಯೇ. ‘ಹೋತೇ’ ಬಂದಲ್ಲಿ ‘ವರ್’, ‘ದೇತೇ’ ಬಂದಲ್ಲಿ ‘ವುಡ್’ ಎಂದು ಇಟ್ಟುಕೊಂಡರೆ ಸಾಕು. ಅಪಾಯ ಇರುವುದು ಸಾಧ್ಯವಿರುವ ಮಾತಿನಲ್ಲಿ. ‘ಅಗರ್ ವೋ ಆಯೇಗಾ ತೋ’ ಎಂದು ಉರ್ದುವಿನಲ್ಲಿ ಭವಿಷ್ಯತ್ಕಾಲ ಬಳಸಬಹುದು. ಅದನ್ನೇ ಇಂಗ್ಲಿಷಿಗೆ ಇಳಿಸಿದರೆ "ಇಫ್ ಹಿ ವಿಲ್ ಕಮ್" ಆಗುತ್ತದೆ, ತಪ್ಪಾಗುತ್ತದೆ. ನಾಳೆಯ ಮಾತಾದರೂ "ಇಫ್ ಹಿ ಕಮ್ಸ್" ಎಂದೇ ಹೇಳಬೇಕು.

ಇಷ್ಟು ಹೊತ್ತು ನಾನು ಸಬ್ಜಂಕ್ಟಿವ್ ಎಂಬ ಪದ ಬಳಸಲಿಲ್ಲ. ಅದನ್ನು ಕೇಳಿದರೆ ಮಕ್ಕಳು ಹೆದರುತ್ತಾರೆ. ಸಾವಿರ ವರ್ಷಗಳ ಹಿಂದಿನ ಇಂಗ್ಲಿಷಿನಲ್ಲಿ ಕಲ್ಪನೆ, ಹಾರೈಕೆ, ಸಂದೇಹಗಳನ್ನು ಹೇಳಲು ಕ್ರಿಯಾಪದಗಳಿಗೆ ಬೇರೆಯೇ ಪ್ರತ್ಯಯಗಳಿದ್ದವು. ಆ ರೂಪಗಳಿಗೆ ಸಬ್ಜಂಕ್ಟಿವ್ ಎಂದು ಹೆಸರು. ಕಾಲ ಹೋದ ಹಾಗೆ ಪದಗಳ ಕೊನೆಯ ಸ್ವರಗಳು ಸವೆದವು, ಪ್ರತ್ಯಯಗಳು ಉದುರಿದವು, ಬೇರೆ ರೂಪಗಳೆಲ್ಲ ಸಾಮಾನ್ಯ ಭೂತಕಾಲದ ಜೊತೆ ಬೆರೆತು ಹೋದವು. ಹಾಗಾಗಿ "ಇಫ್ ಐ ಹ್ಯಾಡ್", "ಇಫ್ ಐ ನ್ಯೂ" ಎಂಬಲ್ಲಿ ಅದು ನಮಗೆ ಭೂತಕಾಲವಾಗಿಯೇ ಕಾಣುತ್ತದೆ. ಬೇರೆಯಾಗಿ ಉಳಿದದ್ದು ಒಂದೇ ಕ್ರಿಯಾಪದ, ‘ಬಿ’. ಅದರಲ್ಲೂ ಎರಡೇ ಜಾಗದಲ್ಲಿ: ‘ಐ’ ಜೊತೆ, ಮತ್ತು ‘ಹಿ, ಶಿ, ಇಟ್’ ಜೊತೆ. ಸಾಮಾನ್ಯವಾಗಿ ‘ಐ ವಾಸ್’ ಎನ್ನುವ ಕಡೆ "ಇಫ್ ಐ ವರ್" ಎನ್ನುತ್ತೇವೆ. 1926ರಲ್ಲಿ ಇಂಗ್ಲಿಷ್ ಬಳಕೆಯ ಪ್ರಸಿದ್ಧ ನಿಘಂಟನ್ನು ಪ್ರಕಟಿಸಿದ ಫೌಲರ್, ಕೆಲವೇ ಪ್ರಯೋಗಗಳನ್ನು ಬಿಟ್ಟರೆ ಸಬ್ಜಂಕ್ಟಿವ್ ಸಾಯುವ ಹಂತದಲ್ಲಿದೆ ಎಂಬ ಅಭಿಪ್ರಾಯ ಕೊಟ್ಟಿದ್ದರು. ಸುಮಾರು ನೂರು ವರ್ಷ ಕಳೆದರೂ ಈ ‘ವರ್’ ಸತ್ತಿಲ್ಲ. 2002ರಲ್ಲಿ ಬಂದ ಕೇಂಬ್ರಿಜ್ ವ್ಯಾಕರಣದಲ್ಲಿ ಹಡಲ್‌ಸ್ಟನ್ ಮತ್ತು ಪುಲಮ್ ಅವರು ಇದಕ್ಕೆ ಸಬ್ಜಂಕ್ಟಿವ್ ಎಂಬ ಹೆಸರೇ ಬೇಡವೆಂದು ‘ಇರ್ರಿಯಾಲಿಸ್’ ಎಂದು ಕರೆದರು. ಅವಾಸ್ತವ ರೂಪ ಎಂದು ಅರ್ಥ. ಹೆಸರು ಏನೇ ಇರಲಿ, ಕೆಲಸ ಅದೇ.

"ಸರ್, ಸಿನಿಮಾದಲ್ಲಿ ಇಂಗ್ಲಿಷರೇ ‘ಇಫ್ ಐ ವಾಸ್’ ಎನ್ನುತ್ತಾರಲ್ಲ?" ಎಂದು ಕೇಳುವವರಿದ್ದಾರೆ. ಹೌದು, ಎನ್ನುತ್ತಾರೆ. ಮಾತಿನಲ್ಲಿ ಅದು ತಪ್ಪೆಂದು ಇವತ್ತು ಯಾವ ಒಳ್ಳೆಯ ವ್ಯಾಕರಣಕಾರನೂ ಹೇಳುವುದಿಲ್ಲ. ಆದರೆ ಇನ್ನೊಬ್ಬರಿಗೆ ಸಲಹೆ ಕೊಡುವಾಗ "ಇಫ್ ಐ ವರ್ ಯು" ಎಂಬುದೇ ರೂಢಿ. ಪರೀಕ್ಷೆಯಲ್ಲಿ, ಅರ್ಜಿಯಲ್ಲಿ, ಕಚೇರಿ ಪತ್ರದಲ್ಲಿ ‘ವರ್’ ಎಂದೇ ಬರೆಯಿರಿ. ಅವರ ಮಕ್ಕಳು ‘ವಾಸ್’ ಬರೆದರೆ ಅದು ಅವರ ಮನೆಮಾತು ಎನ್ನುತ್ತಾರೆ. ನಮ್ಮ ಮಕ್ಕಳು ಬರೆದರೆ ಇಂಗ್ಲಿಷ್ ಬರುವುದಿಲ್ಲ ಎನ್ನುತ್ತಾರೆ. ಇದು ನ್ಯಾಯವಲ್ಲ. ಆದರೆ ಅರ್ಜಿ ಹಾಕುವ ದಿನ ನ್ಯಾಯಕ್ಕಾಗಿ ಜಗಳ ಮಾಡಲು ಸಮಯವಿರುವುದಿಲ್ಲ.

ಇದಕ್ಕೆ ತದ್ವಿರುದ್ಧವಾದ ತಪ್ಪೂ ಇದೆ. ‘ಇಫ್’ ಕಂಡಲ್ಲೆಲ್ಲ ‘ವರ್’ ಹಾಕುವುದು. ಇದು ಚೆನ್ನಾಗಿ ಓದಿದವರು ಮಾಡುವ ತಪ್ಪು, ನನ್ನ ಸಹೋದ್ಯೋಗಿ ಶಿಕ್ಷಕರೂ ಮಾಡಿದ್ದಾರೆ. ನಿನ್ನೆಯ ಸಭೆಗೆ ಅವನು ಬಂದಿದ್ದನೋ ಇಲ್ಲವೋ ನಮಗೆ ತಿಳಿಯದು ಎಂದಿಟ್ಟುಕೊಳ್ಳಿ. ಬಂದಿದ್ದರೆ ಅವನಿಗೆ ವಿಷಯ ಗೊತ್ತಿದೆ. ಆಗ "ಇಫ್ ಹಿ ವಾಸ್ ಅಟ್ ದ ಮೀಟಿಂಗ್ ಯೆಸ್ಟರ್‌ಡೇ, ಹಿ ನೋಸ್" ಎನ್ನಬೇಕು. ಇಲ್ಲಿ ‘ವಾಸ್’ ನಿಜವಾದ ಭೂತಕಾಲ, ಕಲ್ಪನೆ ಅಲ್ಲ. ‘ವರ್’ ಹಾಕಿದರೆ ಅರ್ಥ ಕೆಡುತ್ತದೆ. ಹಾಗೆಯೇ, "ಹಿ ಆಸ್ಕ್‌ಡ್ ಇಫ್ ಐ ವಾಸ್ ರೆಡಿ" ಎಂಬಲ್ಲಿ ‘ಇಫ್’ ಎಂದರೆ ‘ರೆ’ ಅಲ್ಲ, ‘ಸಿದ್ಧನೋ ಇಲ್ಲವೋ ಎಂದು ಕೇಳಿದ’ ಎಂಬ ‘ಓ’. ಅಲ್ಲಿಯೂ ‘ವರ್’ ಬೇಡ.

ಇನ್ನು ‘ವುಡ್’. ಆ ಹುಡುಗನ ಘಟನೆಯ ನಂತರ ನನ್ನ ತರಗತಿಗಳಲ್ಲಿ ಬೇರೆ ಒಂದು ತಪ್ಪು ಹೆಚ್ಚಾಯಿತು. ಎರಡು ಕಡೆ ಗುರುತು ಬೇಕು ಎಂದು ನಾನು ಒತ್ತಿ ಹೇಳಿದ್ದಕ್ಕೆ ಮಕ್ಕಳು ಎರಡು ಕಡೆಯೂ ‘ವುಡ್’ ಹಾಕತೊಡಗಿದರು. "ಇಫ್ ಐ ವುಡ್ ಹ್ಯಾವ್ ನೋನ್, ಐ ವುಡ್ ಹ್ಯಾವ್ ಕಮ್." ಅಮೆರಿಕನ್ನರ ಮಾತಿನಲ್ಲಿ ಇದು ಕೇಳಿಬರುತ್ತದೆ, ಬರವಣಿಗೆಯಲ್ಲಿ ಒಪ್ಪುವುದಿಲ್ಲ. "ಇಫ್ ಐ ಹ್ಯಾಡ್ ನೋನ್" ಎಂದು ಬರೆಯಬೇಕು. ‘ವುಡ್’ ಇರುವುದು ಫಲ ಹೇಳುವ ತುಂಡಿನಲ್ಲಿ ಮಾತ್ರ. ಹಾಗೆ ಹೇಳಿದ ಮರುದಿನವೇ ಒಬ್ಬ ವಿದ್ಯಾರ್ಥಿನಿ ಬ್ಯಾಂಕಿನಿಂದ ಬಂದ ಪತ್ರ ತಂದು ತೋರಿಸಿದಳು. "ವಿ ವುಡ್ ಬಿ ಗ್ರೇಟ್‌ಫುಲ್ ಇಫ್ ಯು ವುಡ್ ಸೈನ್" ಎಂದಿತ್ತು. ಬ್ಯಾಂಕಿನವರದ್ದು ತಪ್ಪಲ್ಲ. ವಿನಂತಿ ಮಾಡುವಾಗ ‘ಇಫ್ ಯು ವುಡ್’ ಎಂದರೆ ‘ದಯಮಾಡಿ ಒಪ್ಪಿದರೆ’ ಎಂದು, ಅಲ್ಲಿ ‘ವುಡ್’ ಕಾಲ ಹೇಳುವುದಿಲ್ಲ, ಮನಸ್ಸು ಹೇಳುತ್ತದೆ. ಆ ಹುಡುಗಿಯ ಎದುರು ನನ್ನ ನಿಯಮವನ್ನು ತಿದ್ದಿಕೊಂಡೆ.

ಉದ್ಯೋಗದ ಸಂದರ್ಶನಕ್ಕೆ ಹೋಗುವವರು ಸ್ವಲ್ಪ ಗಮನ ಕೊಡಿ. "ಈ ಕೆಲಸ ಸಿಕ್ಕಿದರೆ ಏನು ಮಾಡುತ್ತೀರಿ?" ಎಂದು ಕೇಳುತ್ತಾರೆ. "ಇಫ್ ಐ ಗೆಟ್ ದಿಸ್ ಜಾಬ್, ಐ ವಿಲ್" ಎಂದರೂ ಸರಿ, "ಇಫ್ ಐ ಗಾಟ್ ದಿಸ್ ಜಾಬ್, ಐ ವುಡ್" ಎಂದರೂ ವ್ಯಾಕರಣ ಸರಿ. ಆದರೆ ಎರಡನೆಯದರಲ್ಲಿ ಕೆಲಸ ನನ್ನಿಂದ ಸ್ವಲ್ಪ ದೂರ ನಿಂತ ಹಾಗೆ ಕೇಳುತ್ತದೆ. ಕೆಲವೊಮ್ಮೆ ಅದು ವಿನಯ, ಕೆಲವೊಮ್ಮೆ ಅಧೈರ್ಯ. ನಮ್ಮ ಮಕ್ಕಳಿಗೆ ವಿನಯ ಸಾಕಷ್ಟಿದೆ. ಮೊದಲನೆಯದನ್ನೇ ಹೇಳಿ ಎಂಬುದು ನನ್ನ ಸಲಹೆ.

‘ಹೋಪ್’ ಮತ್ತು ‘ವಿಶ್’ ನಡುವೆಯೂ ಇದೇ ವ್ಯತ್ಯಾಸ. "ಐ ಹೋಪ್ ಹಿ ಈಸ್ ವೆಲ್" ಎಂದರೆ ಚೆನ್ನಾಗಿರಬಹುದು, ಇರಲಿ. "ಐ ವಿಶ್ ಹಿ ವರ್ ವೆಲ್" ಎಂದರೆ ಅವನು ಚೆನ್ನಾಗಿಲ್ಲ, ಚೆನ್ನಾಗಿದ್ದಿದ್ದರೆ! ಅರಬಿ ಕಲಿತವರಿಗೆ ‘ಲಅಲ್ಲ’ ಮತ್ತು ‘ಲೈತ’ ಎಂದರೆ ಥಟ್ಟನೆ ತಿಳಿಯುತ್ತದೆ. ಆಸ್ಪತ್ರೆಯಲ್ಲಿರುವವರ ಮನೆಗೆ ಪತ್ರ ಬರೆಯುವಾಗ ಇವೆರಡನ್ನು ಅದಲುಬದಲು ಮಾಡಬೇಡಿ.

ಪತ್ರಗಳಲ್ಲಿ ‘ಇಫ್’ ಇಲ್ಲದೆಯೂ ಈ ವಾಕ್ಯ ಬರುತ್ತದೆ. "ಹ್ಯಾಡ್ ಐ ನೋನ್" ಎಂದರೆ ತಿಳಿದಿದ್ದರೆ. "ಶುಡ್ ಯು ನೀಡ್" ಎಂದರೆ ಬೇಕಾದಲ್ಲಿ. ಓದಿದಾಗ ಪ್ರಶ್ನೆ ಎಂದು ಭಾವಿಸಬೇಡಿ, ಅಷ್ಟು ಸಾಕು. ಬರೆಯಲೇಬೇಕೆಂದಿಲ್ಲ.

ಸಂಘದ ಪದಾಧಿಕಾರಿಗಳಿಗೂ ಒಂದು ಮಾತು. ನಮ್ಮ ಸಂಘ ಸಂಸ್ಥೆಗಳ ಇಂಗ್ಲಿಷ್ ನಡಾವಳಿ ಪುಸ್ತಕಗಳಲ್ಲಿ "ರಿಸಾಲ್ವ್‌ಡ್ ದಟ್ ಎ ಕಮಿಟಿ ಬಿ ಫಾರ್ಮ್‌ಡ್" ಎಂದು ಬರೆಯುತ್ತಾರಲ್ಲ, ಆ ‘ಬಿ’ ಕೂಡ ಸಬ್ಜಂಕ್ಟಿವ್ ಕುಟುಂಬದ್ದೇ. ಯಾರೋ ಹೊಸ ಕಾರ್ಯದರ್ಶಿ ಅದನ್ನು ಅಚ್ಚಿನ ತಪ್ಪೆಂದು ‘ಈಸ್’ ಎಂದು ತಿದ್ದಿದ್ದನ್ನು ನಾನು ಒಂದು ಕಡೆ ನೋಡಿದ್ದೇನೆ. ತಿದ್ದಬೇಡಿ. ‘ಸಮಿತಿ ರಚಿಸಲಾಗಿದೆ’ ಎಂದಲ್ಲ, ‘ರಚಿಸತಕ್ಕದ್ದು’ ಎಂದು ಅದರ ಅರ್ಥ. ರಚಿಸದೇ ಉಳಿದ ಸಮಿತಿಗಳ ವಿಷಯ ನಾನು ಎತ್ತುವುದಿಲ್ಲ.

ಮನೆಗೆ ಹೋಗಿ ಮಾಡಬೇಕಾದ ಅಭ್ಯಾಸ ಒಂದೇ. ಪುಸ್ತಕದ ಹಕ್ಕಿ, ರಾಜ, ಕೋಟ್ಯಾಧೀಶರನ್ನು ಬಿಟ್ಟುಬಿಡಿ. ನಿಮ್ಮ ಸ್ವಂತ ಬದುಕಿನ ಐದು ‘ರೆ’ ವಾಕ್ಯಗಳನ್ನು ಕನ್ನಡದಲ್ಲಿ ಬರೆಯಿರಿ. ಪ್ರತಿಯೊಂದರ ಮುಂದೆ, ಇದು ಆಗಬಹುದೇ, ಈಗ ಇಲ್ಲವೇ, ಹಿಂದೆಯೇ ಕೈತಪ್ಪಿತೇ ಎಂದು ಬರೆದುಕೊಳ್ಳಿ. ಆಮೇಲೆ ಇಂಗ್ಲಿಷ್ ಮಾಡಿ. ಆ ಹುಡುಗನಿಗೂ ಇದನ್ನೇ ಮಾಡಿಸಿದೆ. ಅವನು ಬರೆದ ಐದರಲ್ಲಿ ಒಂದು ನನಗೆ ನೆನಪಿದೆ: "ಇಫ್ ಐ ಹ್ಯಾಡ್ ಟೋಲ್ಡ್ ಮೈ ಮದರ್ ದಟ್ ಡೇ, ಐ ವುಡ್ ನಾಟ್ ಹ್ಯಾವ್ ಲಾಸ್ಟ್ ಟೆನ್ ಡೇಸ್." ಒಂದೂ ತಪ್ಪಿರಲಿಲ್ಲ.

ಭಾಷಣ ಮುಗಿದ ನಂತರ ಮೂರನೇ ಸಾಲಿನಿಂದ ಒಬ್ಬ ವಿದ್ಯಾರ್ಥಿನಿ ಎದ್ದು ನಿಂತು ಕೇಳಿದ ಪ್ರಶ್ನೆಯನ್ನೂ ಇಲ್ಲಿ ಸೇರಿಸಬೇಕೆಂದು ಸಂಪಾದಕರು ಹೇಳಿದ್ದಾರೆ. "ಸರ್, ಗೆಳತಿಯ ಹತ್ತಿರ ಕ್ಷಮೆ ಕೇಳಲು ‘ಇಫ್ ಐ ವಾಸ್ ರೂಡ್ ಯೆಸ್ಟರ್‌ಡೇ, ಐ ಆ್ಯಮ್ ಸಾರಿ’ ಎಂದು ಬರೆದಿದ್ದೆ. ‘ವಾಸ್’ ತೆಗೆದು ‘ವರ್’ ಹಾಕಬೇಕಾ?" ಬೇಡಮ್ಮ, ಹಾಗೆಯೇ ಇರಲಿ. ‘ವರ್’ ಹಾಕಿದರೆ ನೀನು ಒರಟಾಗಿ ನಡೆದುಕೊಳ್ಳಲೇ ಇಲ್ಲ ಎಂದಾಗುತ್ತದೆ, ಮತ್ತೆ ಕ್ಷಮೆ ಯಾಕೆ?